ಹೊಯ್ಸಳ ಡಾಕರ್: ಉಳಿಕೆ ವಾಲ್ಯೂಮುಗಳ ಸುರಕ್ಷಿತ ವಿಸರ್ಜನೆಯ ಕುರಿತು ಒಂದು ಮಹಾಪ್ರಬಂಧ

ಹೊಯ್ಸಳರು ಡಾಕರ್ ಬಳಸುತ್ತಿದ್ದರು ಎಂಬುದಕ್ಕೆ ಶಾಸನಾಧಾರವಿಲ್ಲ. ಅವರ ಬಳಿ ದೂರದರ್ಶಕ, ಲೇತ್ ಯಂತ್ರ, ಕ್ಷಿಪಣಿ ಇದ್ದವು ಎಂಬುದಕ್ಕೂ ಇಲ್ಲ. ಆದರೂ ಹಳೇಬೀಡಿನ ಹುಲ್ಲುಹಾಸಿನ ಮೇಲೆ ನಿಂತು ವಿಡಿಯೊ ಮಾಡುವ ಮಹನೀಯರು ಅವನ್ನೆಲ್ಲ ಸಾಧಿಸಿ ತೋರಿಸಿಯಾಗಿದೆ. ಡಾಕರ್ ಒಂದನ್ನು ಮಾತ್ರ ಕೈಬಿಟ್ಟಿರುವುದು ಸಂಶೋಧನಾ ಲೋಕಕ್ಕೆ ಶೋಭೆಯಲ್ಲವಾದ್ದರಿಂದ, ಅರಸೀಕೆರೆಯಲ್ಲಿ ಕೂತು ಈ ಪ್ರಬಂಧವನ್ನು ಮಂಡಿಸಲಾಗಿದೆ.

ಮೊದಲು ವಿಷಯ ನಿರೂಪಣೆ. ಪ್ರೋಗ್ರಾಮರ್ ಎಂಬವನು ತನ್ನ ಲ್ಯಾಪ್‌ಟಾಪಿನಲ್ಲಿ ಡಾಕರ್ ಎಂಬ ತಂತ್ರಾಂಶದಿಂದ ಕಂಟೈನರ್ ಎಂಬ ಬಿಡಾರ ಹೂಡಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡಿಸುತ್ತಾನೆ. ಕೆಲಸ ಮುಗಿದು ಬಿಡಾರ ಕಿತ್ತರೂ ಡೇಟಾ ಹೋಗುವುದಿಲ್ಲ. ವಾಲ್ಯೂಮ್ ಎಂಬ ಪ್ರತ್ಯೇಕ ಉಗ್ರಾಣದಲ್ಲಿ ಹಾಗೇ ಬಿದ್ದಿರುತ್ತದೆ. ಹೆಸರಿಡದ ಉಗ್ರಾಣಕ್ಕೆ ಡಾಕರ್ ತಾನೇ 64 ಅಕ್ಷರಗಳ ಹೆಸರಿಡುತ್ತದೆ. ಹೊಯ್ಸಳ ಅರಸರ ಬಿರುದಾವಳಿ ಇನ್ನೂ ಉದ್ದ, ಆದರೆ ಅದನ್ನು ಓದಿದರೆ ಯಾರದೆಂದಾದರೂ ತಿಳಿಯುತ್ತದೆ. ಇದನ್ನು ಓದಿದರೆ ಡಿಸ್ಕ್ ತುಂಬಿದೆ ಎಂಬುದಷ್ಟೇ ತಿಳಿಯುವುದು.

ಈಗ ಇತಿಹಾಸ. 1311ರಲ್ಲಿ ಮಲಿಕ್ ಕಾಫೂರನ ದಾಳಿ, 1327ರಲ್ಲಿ ತುಘಲಕ್ ಸೈನ್ಯದ ದಾಳಿ. ಕೆಲವೇ ದಶಕಗಳಲ್ಲಿ ಹೊಯ್ಸಳ ಎಂಬ ಕಂಟೈನರ್ ನಿಂತೇಹೋಯಿತು. ದೇವಾಲಯಗಳೆಂಬ ವಾಲ್ಯೂಮುಗಳು ಉಳಿದವು: 1117ರ ಬೇಲೂರು, 1121ರ ಸುಮಾರಿಗೆ ಶುರುವಾದ ಹಳೇಬೀಡು, 1220ರ ಅರಸೀಕೆರೆ. ಇವುಗಳಲ್ಲಿ ಯಾವುದು ಬಳಕೆಯಲ್ಲಿದೆ, ಯಾವುದು ಬರಿಯ ಉಳಿಕೆ ಎಂದು ನಿರ್ಣಯಿಸುವ ವಿಧಾನವನ್ನು ಅವರು ಬಿಟ್ಟುಹೋಗಿದ್ದಾರೆಯೆ? ಹೋಗಿದ್ದಾರೆ.

ಪ್ರಧಾನ ಸಾಕ್ಷ್ಯ, ಬೇಲೂರಿನ ಕಪ್ಪೆ ಚೆನ್ನಿಗರಾಯ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಯಾರೋ ಹುಡುಗ ಹೇಳಿದ. ಮೂರ್ತಿಯ ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳಲ್ಲಿ ಮಾತ್ರ ಒಣಗಲಿಲ್ಲ. ಉಳಿ ತಾಗಿಸಿದರೆ ಒಳಗೆ ನೀರು, ಮರಳು, ಜೀವಂತ ಕಪ್ಪೆ. ಜಕಣಾಚಾರಿಯ ಹೆಸರು ಶಾಸನಗಳಲ್ಲೇ ಇಲ್ಲವೆಂದು ಕೆಲವು ವಿದ್ವಾಂಸರು ತಕರಾರು ತೆಗೆಯುತ್ತಾರೆ. ಕಪ್ಪೆಯ ಹೆಸರೂ ಇಲ್ಲ. ಅಷ್ಟಕ್ಕೆ ಗಂಧ ಸುಳ್ಳಾಗುತ್ತದೆಯೆ?

ಇಲ್ಲಿ ಗಮನಿಸಬೇಕಾದ್ದು ಕ್ರಮವನ್ನು. ಗಂಧ ಮೊದಲು, ಉಳಿ ಆಮೇಲೆ. ಡಾಕರ್ ನೋಡುವುದು ಒಂದನ್ನೇ: ಈ ವಾಲ್ಯೂಮನ್ನು ಯಾವುದಾದರೂ ಕಂಟೈನರ್, ನಿಂತುಹೋದದ್ದಾದರೂ ಸರಿ, ಹಿಡಿದುಕೊಂಡಿದೆಯೆ? ಯಾವುದೂ ಹಿಡಿದಿಲ್ಲವೆಂದರೆ ಅದರ ಲೆಕ್ಕದಲ್ಲಿ ಉಳಿಕೆ. ಆದರೆ ಹೊರಗೆ ಯಾರೂ ಹಿಡಿದಿಲ್ಲವೆಂದ ಮಾತ್ರಕ್ಕೆ ಒಳಗೆ ಕಪ್ಪೆ ಇಲ್ಲವೆನ್ನಲಾಗದು. ಆದ್ದರಿಂದ ಉಳಿಕೆ ವಾಲ್ಯೂಮುಗಳನ್ನು ತೆಗೆಯಲು ಬರೆಯುವ ಯಾವುದೇ ಸಾಧನವು ಅಳಿಸುವ ಮೊದಲು ಪಟ್ಟಿ ಕೊಡಬೇಕು, ಗಾತ್ರ ಹೇಳಬೇಕು, ಕೊನೆಯ ಬಾರಿ ಬರೆದದ್ದು ಯಾವಾಗ ಎಂದು ತೋರಿಸಬೇಕು. ಒಳಗೆ ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ ಎಂಬ ಫೈಲ್ ಕಂಡರೆ, ಆ ಡೇಟಾಬೇಸ್ ಈಗಲೂ ಓಡುತ್ತಿದೆ ಅಥವಾ ಸರಿಯಾಗಿ ಮುಚ್ಚದೆ ಸತ್ತಿದೆ. ಹೊಕ್ಕುಳು ಒದ್ದೆ, ಉಳಿ ಕೆಳಗಿಡಿ.

ಇನ್ನು ಶಾಪಾಶಯ. ದತ್ತಿಯನ್ನು ಅಳಿಸಿದವನು ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪಕ್ಕೆ ಹೋಗುತ್ತಾನೆ, 60,000 ವರ್ಷ ಮಲದಲ್ಲಿ ಹುಳುವಾಗಿರುತ್ತಾನೆ ಎಂಬ ಎಚ್ಚರಿಕೆ ನಮ್ಮ ಶಾಸನಗಳ ಕೊನೆಯಲ್ಲಿ ಮಾಮೂಲು. ಉಳಿಕೆ ವಾಲ್ಯೂಮುಗಳನ್ನು ಅಳಿಸುವ ಡಾಕರ್‌ನ ಪ್ರೂನ್ ಆಜ್ಞೆಯೂ ಎಚ್ಚರಿಸಿ, ನಿಜವಾಗಲೂ ಮುಂದುವರಿಯಲೆ ಎಂದು ಕೇಳುತ್ತದೆ. ಆದರೆ ಎಫ್ ಎಂಬ ಒಂದೇ ಅಕ್ಷರ ಸೇರಿಸಿದರೆ ಆ ಪ್ರಶ್ನೆ ಏಳುವುದೇ ಇಲ್ಲ. ಗೋಹತ್ಯಾದೋಷಕ್ಕೆ ಇಂಥ ವಿನಾಯಿತಿ ಕೊಟ್ಟ ಶಾಸನ ಪ್ರಸ್ತುತ ಲೇಖಕನಿಗೆ ಸಿಕ್ಕಿಲ್ಲ.

ಪೂರ್ವಪಕ್ಷ: ಕೆಲಸಕ್ಕೆ ಬಾರದಂತೆ ಕಂಡದ್ದನ್ನು ತೆಗೆದರೆ ನಷ್ಟವೇನು? ಉತ್ತರ: ಪೋಸ್ಟ್‌ಗ್ರೆಸ್‌ನೊಳಗೆ ಪಿಜಿ ಎಕ್ಸ್‌ಲಾಗ್ ಎಂಬ ಫೋಲ್ಡರ್ ಇತ್ತು. ಲಾಗ್ ಎಂದರೆ ಹಳೆಯ ದಾಖಲೆಯಷ್ಟೇ ಎಂದುಕೊಂಡು ಜಾಗ ಸಾಲದವರು ಅದನ್ನೇ ಅಳಿಸಿ ಡೇಟಾಬೇಸ್ ಕೆಡಿಸಿಕೊಳ್ಳುತ್ತಿದ್ದರು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದಕ್ಕೆ ಪಿಜಿ ವಾಲ್ ಎಂದು ಮರುನಾಮಕರಣವೇ ಆಯಿತು. ಡಾಕರ್‌ಗೂ ಬುದ್ಧಿ ಬಂದದ್ದು ತಡವಾಗಿ. 2023ರ 23ನೇ ಆವೃತ್ತಿಯಿಂದ ವಾಲ್ಯೂಮ್ ಪ್ರೂನ್ ಅನಾಮಧೇಯ ವಾಲ್ಯೂಮುಗಳನ್ನಷ್ಟೇ ಒಯ್ಯುತ್ತದೆ. ಹೆಸರುಳ್ಳವೂ ಹೋಗಬೇಕೆಂದರೆ ಬಿಡಿಸಿ ಹೇಳಬೇಕು.

ಅಳಿಸುವ ಮೊದಲು ತೆಗೆದಿಡಬೇಕಾದ ನಕಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ 1902ರಲ್ಲಿ ಹಾಸನ ಜಿಲ್ಲೆಯ ಸಂಪುಟ ತಂದ. ಆಮೇಲೆ ಯಾವ ಕಲ್ಲು ಯಾರ ಮನೆಯ ಬಟ್ಟೆ ಒಗೆಯುವ ಚಪ್ಪಡಿಯಾದರೂ ಪಾಠವಂತೂ ಉಳಿಯಿತು. ಪೋಸ್ಟ್‌ಗ್ರೆಸ್ ಡೇಟಾದ ಪ್ರತಿ ತೆಗೆಯುವ ಪಿಜಿ ಡಂಪ್ ಮಾಡುವುದೂ ಇಷ್ಟನ್ನೇ.

ಕಡೆಯದು ಲೇಬಲ್. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಾವು ಕಡೆದ ಮದನಿಕೆಗಳ ಕೆಳಗೆ ಹೆಸರು ಕೊರೆದರು. ಸಾಧನವೂ ತಾನು ಹುಟ್ಟಿಸಿದ ವಾಲ್ಯೂಮಿಗೆ ಹುಟ್ಟುವಾಗಲೇ ಗುರುತು ಹಚ್ಚಿ, ಮುಂದೆ ಆ ಗುರುತಿರುವುದನ್ನು ಮಾತ್ರ ಅಳಿಸಿದರೆ ಬೇರೆಯವರ ಸ್ವತ್ತಿಗೆ ಕೈ ಹೋಗದು. ಇದನ್ನು ತಿರುವುಮುರುವು ಮಾಡಿ, ಕಾಪಾಡಬೇಕಾದ್ದಕ್ಕೆ ಲೇಬಲ್ ಹಚ್ಚಿ, ಲೇಬಲ್ ಇಲ್ಲದ್ದನ್ನೆಲ್ಲ ಗುಡಿಸಿಹಾಕುವ ಫಿಲ್ಟರನ್ನೂ ಡಾಕರ್ ಒದಗಿಸುತ್ತದೆ. ಬರೆಯಲು ಸುಲಭವಾದ್ದರಿಂದ ಅದಕ್ಕೇ ಬಳಕೆದಾರರು ಹೆಚ್ಚೆಂದು ಪ್ರಸ್ತುತ ಲೇಖಕನ ಗುಮಾನಿ.

ಈ ಫಿಲ್ಟರನ್ನು ಕ್ಷೇತ್ರದಲ್ಲಿ ಪ್ರಯೋಗಿಸಿ ನೋಡುವ ಯೋಜನೆಯೂ ಇತ್ತು. ಯುನೆಸ್ಕೊ 2023ರಲ್ಲಿ ವಿಶ್ವಪರಂಪರೆಯ ಲೇಬಲ್ ಹಚ್ಚಿದ್ದು ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ. ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಹಚ್ಚಿಲ್ಲ. ಫಿಲ್ಟರಿನ ಪ್ರಕಾರ ಅದು ನಕ್ಷತ್ರಾಕಾರದ ತಳವಿನ್ಯಾಸ, ಗುಮ್ಮಟದ ಮಂಟಪಗಳ ಸಮೇತ ಉಳಿಕೆ. ಲೇಖಕ ಅರಸೀಕೆರೆಯವನಾದ ಕಾರಣ ಪ್ರಯೋಗವನ್ನು ಮುಂದೂಡಲಾಗಿದೆ.