ಒಂದು ಬಾವಿ, ನಾಲ್ಕು ಲೆಕ್ಕ

ಶನಿವಾರ ಬೆಳಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಹನ್ನೆರಡು ಸಾಲಿನ ಪ್ಯಾಚ್ ಒಂದನ್ನು ಪರಿಶೀಲಿಸಲು ಕೂತೆ. ಆಫೀಸಿನ ಹೊಸ ಹುಡುಗ ಕಳಿಸಿದ್ದು. ಲಿನಕ್ಸ್ ಕರ್ನಲ್‌ನಲ್ಲಿ ‘ಪ್ರಾಕ್’ ಎಂಬ ಡೈರೆಕ್ಟರಿ ಇದೆ. ಅದರಲ್ಲಿ ಒಂದೊಂದು ಪ್ರೋಸೆಸ್‌ಗೂ ಒಂದೊಂದು ‘ಸ್ಟೇಟಸ್’ ಫೈಲು. ಡಿಸ್ಕೆಲ್ಲ ತಡಕಿದರೂ ಅದು ಸಿಗದು. ಯಾರಾದರೂ ಓದಲು ಹೋದಾಗ ಕರ್ನಲ್ ಆಗಿಂದಾಗಲೇ ಬರೆದುಕೊಡುತ್ತದೆ, ಬಿಸಿ ದೋಸೆಯ ಹಾಗೆ. ಹುಡುಗ ಅದಕ್ಕೊಂದು ಸಾಲು ಸೇರಿಸಿದ್ದ: ಈ ಪ್ರೋಸೆಸ್ಸೂ ಅದರ ಮಕ್ಕಳೂ ಸೇರಿ ಎಷ್ಟು ಮೆಮೊರಿ ತಿಂದಿವೆ ಎಂಬ ಒಟ್ಟು ಮೊತ್ತ.

(ಹೌದು, ಪ್ರೋಸೆಸ್‌ಗಳಿಗೂ ಮಕ್ಕಳುಂಟು. ಹೆತ್ತದ್ದು ಮೊದಲೇ ಸತ್ತರೆ ಅನಾಥ ಮಕ್ಕಳನ್ನು ಸಾಮಾನ್ಯವಾಗಿ 1ನೇ ನಂಬರಿನ ಪ್ರೋಸೆಸ್ ಸಾಕಿಕೊಳ್ಳುತ್ತದೆ. ನಮ್ಮ ಕಡೆ ಅಜ್ಜಿ ಮಾಡುತ್ತಿದ್ದ ಕೆಲಸ.)

ಕನ್ನಡಕ ಏರಿಸಿದೆ. ಕರ್ನಲ್‌ನ ಶಾಸ್ತ್ರದಲ್ಲಿ ಟ್ಯಾಬ್ ಎಂದರೆ 8 ಅಕ್ಷರದಗಲ. ಹುಡುಗ ಸ್ಪೇಸ್ ಒತ್ತಿದ್ದ. ಬರೆದೆ. ‘ಪ್ರೋಸೆಸ್’ ಸ್ಪೆಲಿಂಗಿನಲ್ಲಿ ಒಂದು ‘ಸಿ’ ಜಾಸ್ತಿ. ಬರೆದೆ. ಹೀಗೆ ಒಂಬತ್ತು ಆಕ್ಷೇಪಣೆ. ಎಲ್ಲವನ್ನೂ ತಿದ್ದಿ ಕಳಿಸಿದ ಮೇಲೆ ‘ಪರಿಶೀಲಿಸಿದವರು’ ಎಂದು ನನ್ನ ಹೆಸರು ಹಾಕಿದೆ. ಗಂಭೀರ ದೋಷ ಯಾವುದೂ ಉಳಿದಿಲ್ಲ ಎಂಬುದು ಆ ರುಜುವಿನ ಅರ್ಥ.

ಸೋಮವಾರ 8 ಜಿಬಿ ರ‍್ಯಾಮ್ ಇರುವ ಮಷೀನಿನಲ್ಲಿ ಹೊಸ ಸಾಲು 11 ಜಿಬಿ ಎಂದಿತು. ಸ್ವಾಪ್ ಖಾಲಿ.

ಊರಮನೆಯಲ್ಲಿ ಅಜ್ಜ ತೋಡಿಸಿದ್ದು ಒಂದೇ ಬಾವಿ. ದೊಡ್ಡಪ್ಪ, ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಯಾರನ್ನು ಕೇಳಿದರೂ “ನಮಗೊಂದು ಬಾವಿ ಇದೆ” ಅನ್ನುತ್ತಿದ್ದರು. ಸುಳ್ಳೇನಲ್ಲ. ನಾಲ್ವರ ಮಾತನ್ನೂ ಕೂಡಿದರೆ ಮಾತ್ರ ಹಿತ್ತಿಲಲ್ಲಿ ನಾಲ್ಕು ಬಾವಿ ಎದ್ದು ನಿಲ್ಲುತ್ತವೆ. ಆರ್‌ಎಸ್‌ಎಸ್ ಎಂಬ ಮೆಮೊರಿ ಲೆಕ್ಕ ಹೀಗೇ ನಡೆಯುವುದು. ರ‍್ಯಾಮಿನಲ್ಲಿ ಒಂದೇ ಪ್ರತಿ ಇರುವ ಸಿ ಲೈಬ್ರರಿಯನ್ನು ಬಳಸುವ ಪ್ರತಿ ಪ್ರೋಸೆಸ್ಸೂ ತನ್ನದೇ ಎಂದು ಬರೆಸಿಕೊಳ್ಳುತ್ತದೆ. ಹುಡುಗ ಕೂಡಿದ್ದು ಇದನ್ನೇ.

ನ್ಯಾಯದ ಲೆಕ್ಕ 2008ರಲ್ಲೇ, ಕರ್ನಲ್ 2.6.25ರಲ್ಲಿ ಬಂದಿದೆ. ಹೆಸರು ಪಿಎಸ್‌ಎಸ್. ನಾಲ್ವರ ಬಾವಿಯಾದರೆ ತಲೆಗೆ ಕಾಲು ಬಾವಿ. ಇದರಲ್ಲೂ ಒಂದು ತಮಾಷೆ ಇದೆ. ದೊಡ್ಡಪ್ಪ ಪಾಲು ಬಿಟ್ಟು ಮೈಸೂರು ಸೇರಿದ ದಿನ ಉಳಿದ ಮೂವರದ್ದು ಒಂದು ಬುಟ್ಟಿ ಮಣ್ಣನ್ನೂ ತೆಗೆಯದೆ ಮೂರನೇ ಒಂದು ಬಾವಿಯಾಗುತ್ತದೆ. ಹಾಗೆಯೇ ಪಕ್ಕದ ಪ್ರೋಸೆಸ್ ಸತ್ತರೆ ಸುಮ್ಮನೆ ಮಲಗಿದ್ದ ಪ್ರೋಸೆಸ್‌ನ ಪಿಎಸ್‌ಎಸ್ ಏರುತ್ತದೆ. ತಿನ್ನದೆ ದಪ್ಪಗಾಗುವವರು ನಮ್ಮ ಮನೆಯಲ್ಲೂ ಇದ್ದೇವೆ, ಯಾರೂ ನಂಬುವುದಿಲ್ಲ.

ಹಾಗಾದರೆ ಸ್ಟೇಟಸ್‌ನಲ್ಲೇ ಪಿಎಸ್‌ಎಸ್ ಕೊಡಬಹುದಲ್ಲ ಅಂದ ಹುಡುಗ. ಅದಕ್ಕೆ ಪ್ರೋಸೆಸ್‌ನ ಪುಟಗಳನ್ನೆಲ್ಲ ಒಂದೊಂದಾಗಿ ಎಣಿಸಬೇಕು. ಆ ಫೈಲನ್ನೋ ಘಳಿಗೆಗೊಮ್ಮೆ ಯಾರಾದರೂ ಇಣುಕುತ್ತಿರುತ್ತಾರೆ. ಹಾಲಿನವನು ಬಂದಾಗಲೆಲ್ಲ ಬಾವಿ ಅಳೆಯಲಾದೀತೆ? 2017ರ 4.14 ಕರ್ನಲ್‌ನಿಂದೀಚೆಗೆ ‘ಸ್ಮ್ಯಾಪ್ಸ್ ರೋಲಪ್’ ಎಂಬ ಬೇರೆ ಫೈಲೇ ಈ ಮೊತ್ತ ಕೊಡುತ್ತದೆ. ಬೇಕಾದವರು ಅದನ್ನು ಓದಿ ಕೂಡಿಕೊಂಡರಾಯಿತು. ಅಂದರೆ ಆ ಹನ್ನೆರಡು ಸಾಲು ಬೇಕಾಗಿಯೇ ಇರಲಿಲ್ಲ.

ಮನೆಯಲ್ಲಿ ಹೇಳಿದೆ. “ನಿಮ್ಮನ್ನ ಬೇಳೆ ಆರಿಸೋಕೆ ಕೂರಿಸಿದ್ರೂ ಇಷ್ಟೇ ರೀ,” ಅಂದಳು, “ಕಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಎತ್ತಿಡ್ತೀರ.”

ಪ್ಯಾಚನ್ನು ವಾಪಸ್ ತೆಗೆಯುವ ಪ್ಯಾಚನ್ನೂ ಹುಡುಗನೇ ಕಳಿಸಿದ. ಸ್ಪೆಲಿಂಗ್ ಸರಿಯಿತ್ತು.