ಸೋನಾರ್ ಕೊಳ್ಳುವವರಿಗೊಂದು ಬಹಿರಂಗ ಪತ್ರ

ದೆಹಲಿಯಲ್ಲಿ ನೌಕಾಪಡೆಯ ಖರೀದಿ ತೀರ್ಮಾನಿಸುವ, ಕೊಚ್ಚಿಯಲ್ಲಿ ಸೋನಾರ್ ವಿನ್ಯಾಸ ಮಾಡುವ, ಬೆಂಗಳೂರಿನಲ್ಲಿ ಅದನ್ನು ತಯಾರಿಸುವ ಎಲ್ಲ ಮಾನ್ಯರಿಗೆ,

ನನ್ನದು ಒಂದೇ ಮನವಿ. ನೀರೊಳಗಿನ ಸದ್ದು ಆಲಿಸಿ ಹಡಗುಗಳನ್ನು ಪತ್ತೆಹಚ್ಚುವ ಸೋನಾರ್‌ಗೆ ಮುಂದಿನ ಗುತ್ತಿಗೆ ಬರೆಯುವಾಗ, ವರ್ಷಗಟ್ಟಲೆ ಕಾದು ಒಮ್ಮೆ ಪಡೆದು ಸುಮ್ಮನಾಗುವ ಯಂತ್ರಕ್ಕೆಂದು ಬರೆಯಬೇಡಿ. ಹಡಗು ಇರುವಷ್ಟು ಕಾಲವೂ ನಿಗದಿತ ಅವಧಿಗೊಮ್ಮೆ ಸುಧಾರಿಸುವ ಕೆಲಸಕ್ಕೆಂದು ಬರೆಯಿರಿ.

ಅಮೆರಿಕದ ನೌಕಾಪಡೆ ಇದನ್ನು ಪೆಟ್ಟು ತಿಂದೇ ಕಲಿಯಿತು. ಸೋವಿಯತ್ ಜಲಾಂತರ್ಗಾಮಿಗಳು ಗದ್ದಲ ಮಾಡುತ್ತವೆ, ದೂರದಿಂದಲೇ ಸಿಕ್ಕಿಬೀಳುತ್ತವೆ ಎಂಬ ಧೈರ್ಯ ಅದಕ್ಕಿತ್ತು. 1985ರಲ್ಲಿ ಬಂಧಿತನಾದ ಜಾನ್ ವಾಕರ್‌ನ ಗೂಢಚಾರ ಜಾಲ ಈ ಗುಟ್ಟನ್ನು ಮಾಸ್ಕೋಗೆ ಮುಟ್ಟಿಸಿತ್ತು. ಅದರ ಜತೆಗೆ ಜಪಾನಿನ ತೋಷಿಬಾ ಮಷೀನ್ ಕಂಪನಿಯಿಂದ ಸೋವಿಯತ್ ಒಕ್ಕೂಟಕ್ಕೆ ನಿಯಮ ಮೀರಿ ಮಾರಾಟವಾದ ಯಂತ್ರಗಳು ಸದ್ದು ಕಡಿಮೆ ಮಾಡುವ ನುಣುಪಾದ ಪ್ರೊಪೆಲ್ಲರ್ ಕಡೆಯಲು ಒದಗಿದವು. 1990ರ ದಶಕದ ನಡುವಿಗೆ ಬರುವಾಗ ರಷ್ಯಾದ ಅಕುಲಾ ವರ್ಗದ ಜಲಾಂತರ್ಗಾಮಿಗಳು ಎಷ್ಟು ಮೌನವಾಗಿದ್ದವೆಂದರೆ ಅಮೆರಿಕದ ಮೇಲುಗೈ ಕರಗತೊಡಗಿತ್ತು. ಹಳೆಯ ಸೋನಾರ್‌ಗಳಲ್ಲಿದ್ದದ್ದು ನೌಕಾಪಡೆಗೆಂದೇ ಮಾಡಿಸಿದ ಕಂಪ್ಯೂಟರ್‌ಗಳು. ಸಾಫ್ಟ್‌ವೇರ್ ಅವಕ್ಕೇ ಅಂಟಿಕೊಂಡಿತ್ತು. ಒಂದನ್ನು ಬದಲಿಸಲು ಹೋದರೆ ಇನ್ನೊಂದೂ ಬದಲಾಗಬೇಕಿತ್ತು.

ಆಗ ಹುಟ್ಟಿದ್ದೇ 'ಅಕೌಸ್ಟಿಕ್ ರ್‍ಯಾಪಿಡ್ ಕಾಟ್ಸ್ ಇನ್ಸರ್ಷನ್' ಎಂಬ ಯೋಜನೆ. ಹಡಗಿನ ಹೊರಗಿನ ಹೈಡ್ರೋಫೋನ್‌ಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡು, ಒಳಗೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ('ಕಾಟ್ಸ್') ಪ್ರೊಸೆಸರ್‌ಗಳನ್ನು ಕೂರಿಸಿದರು. ಕಿವಿ ಹಳೆಯದೇ, ಕೇಳಿದ್ದನ್ನು ಗ್ರಹಿಸುವ ಮಿದುಳು ಹೊಸದು. 1997ರಲ್ಲಿ 'ಯುಎಸ್‌ಎಸ್ ಆಗಸ್ಟಾ' ಜಲಾಂತರ್ಗಾಮಿಯಲ್ಲಿ ಮೊದಲ ಅಳವಡಿಕೆಯಾಯಿತು. ಸಾಫ್ಟ್‌ವೇರ್ ವರ್ಷಕ್ಕೊಮ್ಮೆ, ಯಂತ್ರಾಂಶ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು ಎಂಬುದು ಆರಂಭದ ಕ್ರಮ. ಎರಡನ್ನೂ ಬೇರ್ಪಡಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಬಾಗಿಲು ತೆರೆದದ್ದು ಇನ್ನೂ ದೊಡ್ಡ ಸಂಗತಿ. ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು, ಸಣ್ಣ ಕಂಪನಿಗಳು, ದೊಡ್ಡ ಗುತ್ತಿಗೆದಾರರು ಎಲ್ಲರೂ ತಮ್ಮ ಅಲ್ಗಾರಿದಮ್ ತರಬಹುದಿತ್ತು. ಸಮುದ್ರದಲ್ಲಿ ಧ್ವನಿಮುದ್ರಿಸಿಕೊಂಡ ಒಂದೇ ದತ್ತಾಂಶದ ಮೇಲೆ ಎಲ್ಲರ ಪರೀಕ್ಷೆ. ಅಲ್ಲಿ ಗೆದ್ದದ್ದು ಹಡಗಿಗೇರಿ ಕಡಲಲ್ಲೂ ತೇರ್ಗಡೆಯಾಗಬೇಕಿತ್ತು.

ಸೋನಾರ್ ಪರದೆಯ ಮುಂದೆ ಕೂತ ನಾವಿಕನಿಗೆ ಇದರಿಂದಾಗುವ ಉಪಕಾರ ನೋಡಿ. ಅವನ ಪರದೆಯಲ್ಲಿ ಅಡ್ಡಕ್ಕೆ ದಿಕ್ಕು, ಉದ್ದಕ್ಕೆ ಸಮಯ. ಅಲೆ, ಮಳೆ, ಸಿಗಡಿಗಳ ಚಟಪಟ, ದೂರದ ಸರಕು ಹಡಗುಗಳ ಸದ್ದು ಎಲ್ಲವೂ ಚುಕ್ಕೆಗಳ ರಾಶಿಯಾಗಿ ಬೀಳುತ್ತಿರುತ್ತವೆ. ಅದರ ನಡುವೆ ಒಂದು ಹಡಗಿನ ಸದ್ದು ಕೂದಲೆಳೆಯಂಥ ಗೆರೆಯಾಗಿ ಇಳಿಯುತ್ತದೆ. ಉತ್ತಮ ಅಲ್ಗಾರಿದಮ್‌ನಿಂದ ಆ ಗೆರೆ ಹತ್ತು ನಿಮಿಷ ಮೊದಲೇ ಕಣ್ಣಿಗೆ ಬಿದ್ದರೆ ನೂರಾರು ಜೀವ ಉಳಿಯಬಹುದು.

ನಮ್ಮಲ್ಲಿ ಸಾಮರ್ಥ್ಯಕ್ಕೆ ಕೊರತೆಯಿಲ್ಲ. ಕೊಚ್ಚಿಯ ರಕ್ಷಣಾ ಪ್ರಯೋಗಾಲಯ ಎನ್‌ಪಿಒಎಲ್ ವಿನ್ಯಾಸ ಮಾಡಿದ ಅಪ್ಸೋ, ಹಂಸ, ಉಷಸ್ ಸೋನಾರ್‌ಗಳು ಬೆಂಗಳೂರಿನ ಬಿಇಎಲ್ ಕಂಪನಿಯಲ್ಲಿ ತಯಾರಾಗಿ ನಮ್ಮ ನೌಕೆಗಳಲ್ಲಿ ದುಡಿದಿವೆ. ಆದರೆ ನಮ್ಮ ಕಡಲು ಸುಲಭದ್ದಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ನೀರು ಕಾದರೆ ಧ್ವನಿ ಕೆಳಕ್ಕೆ ಬಾಗಿ, ಬೆಳಿಗ್ಗೆ ಹಡಗಿನ ಸೋನಾರ್‌ಗೆ ಎಟಕುತ್ತಿದ್ದ ದೂರ ಕುಗ್ಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ದೊಡ್ಡ ನದಿಗಳ ಸಿಹಿನೀರು ಮೇಲೆ ಹರಡಿ ಲೆಕ್ಕವನ್ನೇ ಬದಲಿಸುತ್ತದೆ. ಅಟ್ಲಾಂಟಿಕ್‌ನಲ್ಲಿ ಪಳಗಿದ ಸೂತ್ರ ಇಲ್ಲಿ ಹಾಗೆಯೇ ನಡೆಯದು. ನಮ್ಮ ನೀರನ್ನು ಋತು ಋತುವಿಗೂ ಕೇಳಿ, ಆ ಕಲಿಕೆಯನ್ನು ಹಡಗಿಗೆ ಮುಟ್ಟಿಸುತ್ತಲೇ ಇರಬೇಕು.

ಬಾಗಿಲು ತೆರೆದರೆ ಗುಟ್ಟು ಬಯಲಾಗುತ್ತದೆ ಎಂಬ ಆತಂಕ ನಿಮಗಿರುವುದು ಸಹಜ. ಆದರೆ ಬಿಡಿಭಾಗಗಳು ಒಂದಕ್ಕೊಂದು ಜೋಡಿಕೊಳ್ಳುವ ನಿಯಮಗಳನ್ನು ತೆರೆದಿಟ್ಟರೆ ಸಾಕು. ಶತ್ರು ಹಡಗುಗಳ ಧ್ವನಿಸಂಗ್ರಹ ಬೀಗದೊಳಗೇ ಇರಲಿ. ಮಾರುಕಟ್ಟೆಯ ಪ್ರೊಸೆಸರ್ ಬೇಗ ಹಳತಾಗುತ್ತದೆ, ಹಡಗಿಗೊಂದು ಆವೃತ್ತಿಯಾದರೆ ತರಬೇತಿ ಕಷ್ಟ ಎಂಬುದೂ ನಿಜ. ಅದಕ್ಕೇ ಸುಧಾರಣೆಗೊಂದು ಕ್ಯಾಲೆಂಡರ್ ಬೇಕು, ಅದಕ್ಕೆ ತಕ್ಕ ಹಣವೂ ಮೊದಲೇ ಮೀಸಲಾಗಬೇಕು.

ಹೊಸ ಆವಿಷ್ಕಾರಗಳಿಗೆ ನೆರವಾಗುವ ಸರ್ಕಾರದ 2018ರ ಐಡೆಕ್ಸ್ ಯೋಜನೆಯಿಂದ ಸಣ್ಣ ಕಂಪನಿಗಳು ರಕ್ಷಣಾ ಕ್ಷೇತ್ರದ ಹೊಸ್ತಿಲು ದಾಟಿವೆ. ಭದ್ರತಾ ತಪಾಸಣೆ ಮುಗಿಸಿದ ತಂಡಗಳಿಗೆ ನಮ್ಮ ಕಡಲಿನ ದತ್ತಾಂಶದ ಮೇಲೆ ಪರೀಕ್ಷೆಗೆ ಕೂರುವ ಅವಕಾಶ ಕೊಡಿ. ತೀರ್ಪು ಕೊಡುವ ಸಮಿತಿಯಲ್ಲಿ ಸೋನಾರ್ ಮುಂದೆ ಪಾಳಿ ಮಾಡಿದ ನಾವಿಕರಿಗೂ ಕುರ್ಚಿ ಇರಲಿ. ಈ ಎರಡು ಷರತ್ತು ಮುಂದಿನ ಟೆಂಡರ್‌ನ ಮೊದಲ ಪುಟದಲ್ಲೇ ಇರಲಿ ಎಂದು ಕೋರುತ್ತೇನೆ.

ಇತಿ,
ಬೆಂಗಳೂರಿನ ಒಬ್ಬ ನಾಗರಿಕ