ಖಜೀತ್ ಲಕ್ಷಣ ನಿರ್ಣಯ, ಅರ್ಥಾತ್ ಒಂದು ಮಾರ್ಜಾಲ ಕುಲದ ಶೋಧನೆ

ಟ್ಯಾಮ್ರಿಯೆಲ್ ಖಂಡದ ದಕ್ಷಿಣ ತುದಿಯಲ್ಲಿ ಎಲ್ಸ್‌ವೆಯರ್ ಎಂಬ ದೇಶವಿದೆ. ಅಲ್ಲಿ ಖಜೀತ್ ಎಂಬ ಬೆಕ್ಕುಮನುಷ್ಯರು ವಾಸವಾಗಿದ್ದಾರೆ. ಆ ಖಂಡ ಇರುವುದು ‘ದಿ ಎಲ್ಡರ್ ಸ್ಕ್ರಾಲ್ಸ್’ ಎಂಬ ವಿಡಿಯೋ ಗೇಮ್ ಸರಣಿಯೊಳಗೆ ಮಾತ್ರ ಎಂದು ಕೆಲವು ಅಲ್ಪಜ್ಞರು ತಕರಾರು ತೆಗೆಯಬಹುದು. ವೀಸಾ, ಬಸ್ ಚಾರ್ಜು, ಸೊಳ್ಳೆಪರದೆ ಯಾವುದರ ಹಂಗೂ ಇಲ್ಲದೆ ಕೂತಲ್ಲೇ ಕ್ಷೇತ್ರಕಾರ್ಯ ಮುಗಿಸಬಹುದಾದ ಜನಾಂಗವೊಂದು ದೊರೆತದ್ದು ಮಾನವಶಾಸ್ತ್ರದ ಪುಣ್ಯವೆಂದೇ ಪ್ರಸ್ತುತ ಲೇಖಕನ ಅಭಿಪ್ರಾಯ.

ಮೊದಲು ಲಕ್ಷಣ ಹೇಳಬೇಕು. ‘ಮೈತುಂಬ ತುಪ್ಪಳ, ಹಿಂದೊಂದು ಬಾಲ, ಎರಡು ಕಾಲಿನ ನಡಿಗೆ, ಬಾಯಲ್ಲಿ ಮಾತು ಇದ್ದರೆ ಅದು ಖಜೀತ್’ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಖಜೀತರಲ್ಲೇ ಓಮ್ಸ್ ಎಂಬ ಪಂಗಡದವರು ನೋಡಲು ಥೇಟ್ ಎಲ್ಫ್‌ಗಳ ಹಾಗೆ. ತಮ್ಮನ್ನು ಬೆಕ್ಕೆಂದು ಯಾರಾದರೂ ನಂಬಲೆಂದು ಮುಖಕ್ಕೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಆದ್ದರಿಂದ ಅವ್ಯಾಪ್ತಿ ದೋಷ. ಸರಿ, ಲಕ್ಷಣವನ್ನು ಸ್ವಲ್ಪ ಸಡಿಲಿಸೋಣವೆಂದರೆ ಆಲ್ಫಿಕ್ ಅಡ್ಡ ಬರುತ್ತದೆ. ಇದು ಖಜೀತರಲ್ಲೇ ಒಂದು ಪಂಗಡ. ಅಡುಗೆಮನೆಗೆ ನುಗ್ಗಿ ಹಾಲಿಗೆ ಬಾಯಿಡುವ ಪ್ರಾಣಿಗೂ ಇದಕ್ಕೂ ನೋಟದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಇದಕ್ಕೆ ಮಾತು ಬರುತ್ತದೆ, ಮಂತ್ರವೂ ಬರುತ್ತದೆ. ಇದನ್ನು ಸೇರಿಸಿಕೊಳ್ಳಲು ಹೊರಟರೆ ಪಕ್ಕದ ಮನೆಯ ಬೆಕ್ಕೂ ಒಳಗೆ ಬಂದು ಅತಿವ್ಯಾಪ್ತಿಯಾಗುತ್ತದೆ. ಇನ್ನು ಸೆಂಚೆ ಎಂಬ ಪಂಗಡ ಹುಲಿಯ ಗಾತ್ರದ್ದು. ಯುದ್ಧ ಬಂದಾಗ ಉಳಿದ ಖಜೀತರು ಅವರ ಬೆನ್ನೇರಿ ಹೋಗುತ್ತಾರೆ. ತಮ್ಮನು ಅಣ್ಣನ ಮೇಲೆ ಸವಾರಿ ಮಾಡುವ ಪದ್ಧತಿ ಇತರ ಸಮಾಜಗಳಲ್ಲೂ ಉಂಟು; ಜೀನು ಹಾಕಿ ಮಾಡುವುದು ಇಲ್ಲಿ ಮಾತ್ರ.

ಸಿದ್ಧಾಂತ ಹೀಗಿದೆ. ಆ ಲೋಕದ ಆಕಾಶದಲ್ಲಿ ಇಬ್ಬರು ಚಂದ್ರರು: ದೊಡ್ಡವನು ಮಾಸರ್, ಚಿಕ್ಕವನು ಸೆಕುಂಡಾ. ಮಗು ಹುಟ್ಟಿದ ಹೊತ್ತಿಗೆ ಇವರಿಬ್ಬರೂ ಯಾವ ಕಲೆಯಲ್ಲಿದ್ದರೋ ಅದಕ್ಕೆ ತಕ್ಕ ದೇಹ. ಹುಟ್ಟಿದಾಗ ಮರಿಗಳೆಲ್ಲ ಒಂದೇ ಥರ. ಕೆಲವು ವಾರ ಕಳೆದ ಮೇಲಷ್ಟೇ ಮಗ ತೊಡೆಯ ಮೇಲೆ ಕೂರುವವನೋ, ಹೊಸ ಕೊಟ್ಟಿಗೆ ಕಟ್ಟಿಸಬೇಕೋ ತಿಳಿಯುತ್ತದೆ. ನಮ್ಮಲ್ಲಿ ಜಾತಕ ಮದುವೆಗೆ ಅಡ್ಡ ಬಂದರೆ ಅಲ್ಲಿ ಬಾಲಕ್ಕೇ ಅಡ್ಡ ಬರುತ್ತದೆ.

ಈ ಸಿದ್ಧಾಂತದ ಮೂಲದ ಬಗ್ಗೆ ಒಂದು ಗುಸುಗುಸು ಇದೆ. ಸರಣಿಯ ಆಟಗಳಲ್ಲಿ 1994ರ ‘ಅರೀನಾ’ದಲ್ಲಿ ಖಜೀತರು ಮನುಷ್ಯರಂತಿದ್ದರು. 1996ರ ‘ಡ್ಯಾಗರ್‌ಫಾಲ್’ನಲ್ಲಿ ಬಾಲ ಬಂತು. 2002ರ ‘ಮಾರೋವಿಂಡ್’ನಲ್ಲಿ ಪೂರ್ತಿ ಬೆಕ್ಕಾದರು. ಚಂದ್ರರು ಮೊದಲೋ, ಕಂಪ್ಯೂಟರಿನ ಚಿತ್ರಕಾರರು ಮೊದಲೋ ಎಂದು ಕೇಳುವುದು ಶ್ರದ್ಧೆಯ ಲಕ್ಷಣವಲ್ಲ. ಸ್ಮೃತಿಗಳು ಒಂದಕ್ಕೊಂದು ಹೊಂದದಿದ್ದಾಗಲೇ ಭಾಷ್ಯಕಾರರಿಗೆ ಅನ್ನ ಹುಟ್ಟುವುದು. ಇದೇ ‘ಮಾರೋವಿಂಡ್’ನಲ್ಲಿ ಖಜೀತರ ಕಾಲಿಗೆ ಬೂಟು ಹಿಡಿಯುತ್ತಿರಲಿಲ್ಲ; 2006ರ ‘ಒಬ್ಲಿವಿಯನ್’ನಲ್ಲಿ ಸಲೀಸಾಗಿ ಹಿಡಿಯಿತು. ಡಾರ್ವಿನ್ನನಿಗೆ ಲಕ್ಷಾಂತರ ವರ್ಷ ಬೇಕಾಗಿದ್ದ ಕೆಲಸ ಇಲ್ಲಿ ನಾಲ್ಕೇ ವರ್ಷದಲ್ಲಿ ಮುಗಿದಿದೆ.

ಇವರ ಗುರುಪೀಠಕ್ಕೆ ಮೇನ್ ಎಂದು ಹೆಸರು. ಒಂದು ಕಾಲಕ್ಕೆ ಒಬ್ಬನೇ ಮೇನ್. ಹಿಂದಿನ ಕಾಲದಲ್ಲಿ ಪ್ರಜೆಗಳೆಲ್ಲ ತಮ್ಮ ಕೇಸರವನ್ನು ಕತ್ತರಿಸಿ ಅವನಿಗೊಪ್ಪಿಸುತ್ತಿದ್ದರು, ಅವನು ಅದನ್ನು ತನ್ನ ಜಡೆಗೆ ಹೆಣೆದುಕೊಳ್ಳುತ್ತಿದ್ದ. ಜನಸಂಖ್ಯೆ ಹೆಚ್ಚಿದ್ದರಿಂದ ಈಗ ಸ್ವಂತ ಕುಲದವರ ಮತ್ತು ಅಂಗರಕ್ಷಕರ ಕೂದಲಷ್ಟೇ. ಅಷ್ಟಕ್ಕೇ ತಲೆ ಎತ್ತಲಾಗದಷ್ಟು ಭಾರವಾಗಿ ಪಲ್ಲಕ್ಕಿಯಲ್ಲೇ ಓಡಾಡುತ್ತಾನೆ. ಭಕ್ತರ ತಲೆ ಬೋಳಿಸಿ ಪಲ್ಲಕ್ಕಿ ಏರುವ ವ್ಯವಸ್ಥೆಯನ್ನು ಇಷ್ಟು ಪ್ರಾಮಾಣಿಕವಾಗಿ, ಅಕ್ಷರಶಃ ಆಚರಿಸಿದ ಪೀಠ ಬೇರೊಂದಿಲ್ಲ.

ರಾಜಕೀಯದಲ್ಲಿ ಮಾತ್ರ ಮುಗ್ಧರು. ಆ ಲೋಕದ ನಾಲ್ಕನೆಯ ಯುಗದ 98ನೇ ವರ್ಷದಲ್ಲಿ ಚಂದ್ರರಿಬ್ಬರೂ ಇದ್ದಕ್ಕಿದ್ದಂತೆ ಮಾಯವಾದರು. ಎರಡು ವರ್ಷ ಕತ್ತಲೆ. ಆಮೇಲೆ ಚಂದ್ರರು ಮರಳಿದಾಗ ಥಾಲ್ಮೋರ್ ಎಂಬ ಎಲ್ಫ್ ಸರ್ಕಾರ ‘ತಂದದ್ದು ನಾವೇ’ ಎಂದು ಸಾರಿತು. ಜನ ಕೈ ಮುಗಿದರು. 115ರ ಹೊತ್ತಿಗೆ ಎಲ್ಸ್‌ವೆಯರ್ ಎರಡು ಹೋಳಾಗಿ, ಆನೆಕ್ವಿನಾ ಮತ್ತು ಪೆಲೆಟೀನ್ ಎಂಬ ಸಾಮಂತ ರಾಜ್ಯಗಳಾಗಿ ಎಲ್ಫ್‌ಗಳ ಜೇಬು ಸೇರಿತ್ತು. ಬೆಳದಿಂಗಳಿಗೆ ಬಿಲ್ಲು ಹಾಕಿದವರು ಚರಿತ್ರೆಯಲ್ಲಿ ಇವರೇ ಮೊದಲಿಗರಿರಬೇಕು. ಆ ಬೆಳದಿಂಗಳೇ ಹರಳುಗಟ್ಟಿದ್ದೆಂದು ಖಜೀತರು ನಂಬುವ ಚಂದ್ರಸಕ್ಕರೆಯನ್ನೂ ಅದನ್ನು ಭಟ್ಟಿಯಿಳಿಸಿದ ಸ್ಕೂಮಾವನ್ನೂ ಲೇಖಕನು ರುಚಿ ನೋಡದ ಕಾರಣ ಆ ಅಧ್ಯಾಯವನ್ನು ಕೈಬಿಡಲಾಗಿದೆ.

ಇವರ ಮಾತಿನ ರೀತಿ ವಿಚಿತ್ರ. ‘ನಾನು’ ಎನ್ನುವ ಕಡೆಯಲ್ಲೆಲ್ಲ ತಮ್ಮ ಹೆಸರನ್ನೋ ಕುಲವನ್ನೋ ಹೇಳಿಕೊಂಡು, ತಮ್ಮನ್ನು ತಾವೇ ಮೂರನೆಯವರೆಂಬಂತೆ ಬಣ್ಣಿಸಿಕೊಳ್ಳುತ್ತಾರೆ. ಪ್ರಸ್ತುತ ಲೇಖಕನಿಗೆ ಇದು ಬಾಲಿಶವೆನಿಸುತ್ತದೆ. ಪ್ರಸ್ತುತ ಲೇಖಕನು ಎಂದೂ ಹಾಗೆ ಮಾತಾಡಿದವನಲ್ಲ.

ಈಗ ಮುಖ್ಯ ವಿಷಯ: ಖಜೀತರು ಹುಟ್ಟುಕಳ್ಳರು. ಇದಕ್ಕೆ ಅಂಕಿ ಅಂಶವೇ ಇದೆ. 2011ರ ‘ಸ್ಕೈರಿಮ್’ನಲ್ಲಿ ಪ್ರತಿಯೊಂದು ವಿದ್ಯೆಯೂ ಮೂಲತಃ 15ರಿಂದ ಶುರು, ಖಜೀತನಿಗಾದರೋ ಅಡಗಿ ನಡೆಯುವುದರಲ್ಲಿ ಹುಟ್ಟುತ್ತಲೇ 25, ಜೇಬು ಕತ್ತರಿಸುವುದರಲ್ಲಿ 20, ಬೀಗ ತೆರೆಯುವುದರಲ್ಲೂ 20. ನಮ್ಮ ಬ್ರಿಟಿಷ್ ಪೂರ್ವಾಚಾರ್ಯರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಇಡಿಯ ಕುಲಗಳನ್ನೇ ಹುಟ್ಟುಕಳ್ಳರೆಂದು ದಫ್ತರಕ್ಕೆ ಸೇರಿಸಿದ್ದರು. ಪಾಪ, ಅವರ ಹತ್ತಿರ ಇಷ್ಟು ಖಚಿತವಾದ ಅಂಕಿ ಇರಲಿಲ್ಲ.

ಇದೇ ‘ಸ್ಕೈರಿಮ್’ನ ವೈಟ್‌ರನ್ ಪಟ್ಟಣದ ಗೋಡೆಯಾಚೆ ರಿ’ಸಾದ್ ಎಂಬ ವರ್ತಕ ಡೇರೆ ಹಾಕಿಕೊಂಡು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಾನೆ. ಕೊಳ್ಳುವವರು ಅಲ್ಲಿಗೇ ಹೋಗಬೇಕು. ಅವನ ತಂಡಕ್ಕೆ ಊರ ಬಾಗಿಲು ತೆರೆಯುವುದಿಲ್ಲ. ಯಾಕೆಂದರೆ ಅವರು ಕಳ್ಳರು. ಕಳ್ಳರೆಂದು ಹೇಗೆ ಗೊತ್ತು? ಕಳ್ಳರಲ್ಲದಿದ್ದರೆ ಒಳಗೆ ಬಿಡುತ್ತಿದ್ದರಲ್ಲ! ಇಲ್ಲಿ ಅನ್ಯೋನ್ಯಾಶ್ರಯ ದೋಷವಿದೆಯೆಂದು ತಾರ್ಕಿಕರು ಗೊಣಗುತ್ತಾರೆ. ಬಾಗಿಲಲ್ಲಿ ನಿಂತವನ ಸೊಂಟದಲ್ಲಿ ಕತ್ತಿಯೂ ಇದೆ ಎಂಬುದನ್ನು ಅವರು ಗಮನಿಸಿದಂತಿಲ್ಲ.

ಗೋಡೆಯ ಒಳಗಿನ ಸಂಗತಿಯನ್ನೂ ನಿಷ್ಪಕ್ಷಪಾತವಾಗಿ ದಾಖಲಿಸಬೇಕು. ರಿಫ್ಟನ್ ಊರಿನ ಕಳ್ಳರ ಸಂಘದ ಯಜಮಾನ ಮರ್ಸರ್ ಫ್ರೇ ಬ್ರೆಟನ್ ಎಂಬ ಮನುಷ್ಯ ಕುಲದವನು. ಸಂಘಕ್ಕೆ ಹೊಸಬರನ್ನು ಸೇರಿಸುವ ಬ್ರಿನ್‌ಯೋಲ್ಫ್ ನಾರ್ಡ್ ಎಂಬ ಇನ್ನೊಂದು ಮನುಷ್ಯ ಕುಲದವನು. ಕಳ್ಳಮಾಲು ಕೊಳ್ಳುವಂತೆ ರಿ’ಸಾದನ ಡೇರೆಗೆ ಹೇಳಿಕಳಿಸುವುದೂ ಈ ಸಂಘವೇ. ಇನ್ನು ಆಟಗಾರ. ಅಂಗಡಿಯವನ ತಲೆಗೆ ಬಕೆಟ್ಟು ಬೋರಲು ಹಾಕಿ, ಅವನ ಕಣ್ಣು ಮುಚ್ಚಿದ್ದೇ ತಡ, ಚೀಸು, ಚಮಚ, ಕತ್ತಿ, ಕಿರೀಟವೆನ್ನದೆ ಬಾಚಿಕೊಳ್ಳುವ ವಿದ್ಯೆ ಜಗತ್ತಿನ ಆಟಗಾರರಿಗೆಲ್ಲ ಕರತಲಾಮಲಕ. ಬಕೆಟ್ಟಿನೊಳಗಿನ ಅಂಗಡಿಯವನು ಗಿರಾಕಿಯೊಂದಿಗೆ ಮರ್ಯಾದೆಯಿಂದಲೇ ಮಾತು ಮುಂದುವರಿಸುತ್ತಾನೆ. ಇದನ್ನು ಕಳ್ಳತನವೆನ್ನಲಾಗದು, ಮಾಡುವವರು ಬಹುಪಾಲು ಸಭ್ಯ ಮನೆತನದವರು, ಬೆಳಿಗ್ಗೆ ಆಫೀಸಿಗೆ ಹೋಗುವವರು.

ಮೇಲಿನ ವಿವರಗಳಿಗೆಲ್ಲ ಲೇಖಕನ ಮುಖ್ಯ ಮಾಹಿತಿದಾರ ‘ಸುಳ್ಳುಗಾರ ಮೈಕ್’. 2002ರಿಂದಲೂ ಆಟದಿಂದ ಆಟಕ್ಕೆ ದಾರಿಯಲ್ಲಿ ಎದುರಾಗುವ ಈ ಖಜೀತ್, ತನ್ನಪ್ಪನ ಹೆಸರೂ ಅಜ್ಜನ ಹೆಸರೂ ಮೈಕ್ ಎಂದೇ ಹೇಳಿಕೊಳ್ಳುತ್ತಾನೆ. ಇಂಥವನ ಸಾಕ್ಷ್ಯವನ್ನು ಒಪ್ಪಬಹುದೇ ಎಂದು ಮಾರ್ಗದರ್ಶಕರು ಹುಬ್ಬೇರಿಸಿದರು. ಸುಳ್ಳುಗಾರನೆಂದು ಹೆಸರಿನಲ್ಲೇ ಒಪ್ಪಿಕೊಂಡ ಮಾಹಿತಿದಾರ ಮಾನವಶಾಸ್ತ್ರಕ್ಕೆ ಇನ್ನೊಬ್ಬ ಸಿಕ್ಕಿಲ್ಲವೆಂದು ಲೇಖಕನು ಅರಿಕೆ ಮಾಡಿಕೊಂಡ ಮೇಲೆ ಸುಮ್ಮನಾದರು. ಪ್ರಬಂಧವನ್ನು ಪೂರ್ತಿಯಾಗಿ ಅವನಿಗೆ ಓದಿ ಹೇಳಲಾಗಿದ್ದು, ಪ್ರತಿ ಅಕ್ಷರವೂ ಸತ್ಯವೆಂದು ಪಂಜದ ಗುರುತು ಒತ್ತಿಕೊಟ್ಟಿದ್ದಾನೆ.